ಅಪ್ಪನ ಅಂಗಿಯ ಕಿಸೆ

ನಮ್ಮಪ್ಪ ದೌಲತರಾಯನಷ್ಟು ಲೆಕ್ಕದ ಮನುಷ್ಯ ಆಳಂದದ ಬಜಾರಿನಲ್ಲಿ ಇನ್ನೊಬ್ಬ ಇರಲಿಲ್ಲ. ಅವನಷ್ಟು ಲೆಕ್ಕಗೆಟ್ಟ ಮನುಷ್ಯ ನಮ್ಮ ಓಣಿಯಲ್ಲಿ ಇನ್ನೊಬ್ಬ ಇರಲಿಲ್ಲ. ಎರಡೂ ಖರೆ. ಹಗಲೆಲ್ಲ ಅವನು ತೊಗರಿ, ಜೋಳ ಕೊಂಡು ಮಾರುವ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಮುನೀಮ. ಸಾವಿರಾರು ರೂಪಾಯಿಯ ವ್ಯವಹಾರದಲ್ಲಿ ಹತ್ತು ಪೈಸೆ ಹೆಚ್ಚುಕಡಿಮೆ ಬಂದರೆ ಊಟ ಬಿಟ್ಟು ಕೂತು ಹುಡುಕುತ್ತಿದ್ದ. ಅದೇ ಮನುಷ್ಯ ಸಂಜೆ ಅಂಗಡಿಯ ಮೆಟ್ಟಿಲು ಇಳಿದನೋ, ಎದುರಿಗೆ ಬಂದವರಿಗೆಲ್ಲ ಚಹಾ ಕುಡಿಸುತ್ತಿದ್ದ. ಬಾಳೆಹಣ್ಣಿನ ಬುಟ್ಟಿಯವಳು ಇನ್ನೂ ಮನೆಗೆ ಹೋಗಿಲ್ಲ ಪಾಪ ಎಂದು ಉಳಿದ ಹಣ್ಣನ್ನೆಲ್ಲ ಕೊಂಡು ತರುತ್ತಿದ್ದ. ಪಗಾರ ಬಂದ ವಾರ ನಮ್ಮ ಮನೆಯಲ್ಲಿ ದಿನಾ ಹಬ್ಬ, ಕೊನೆಯ ವಾರ ದಿನಾ ಪುಂಡಿಪಲ್ಯ.

ಅವ್ವ ಗೌರಾಬಾಯಿಗೆ ಗಂಡನನ್ನು ತಿದ್ದುವ ಆಸೆ ಮದುವೆಯಾದ ಎರಡನೆಯ ವರ್ಷಕ್ಕೇ ಹೋಗಿತ್ತಂತೆ. ಹಾಗಾಗಿ ಅವಳು ನಮ್ಮ ಬೆನ್ನು ಹತ್ತಿದಳು. ಆಗ ಎಂಬತ್ನಾಲ್ಕನೆಯ ಇಸವಿ. ಶಾರದಾ ಎಂಬ ನನಗೆ ಹನ್ನೊಂದು ವರ್ಷ, ತಮ್ಮ ಗುರಣ್ಣನಿಗೆ ಆರು. ಏನನ್ನೇ ಬೇಡಿದರೂ ಅವ್ವ ಇಲ್ಲ ಎನ್ನುತ್ತಿರಲಿಲ್ಲ, "ಎಂಟ್ ದಿನ ತಡಿ. ಮುಂದಿನ ವಾರ ಇದೇ ದಿನ ಮತ್ತ ಕೇಳು, ಕೊಡಸ್ತೇನಿ" ಎನ್ನುತ್ತಿದ್ದಳು. ಎಂಟು ದಿನದಲ್ಲಿ ಆ ಆಸೆ ನಮಗೇ ಮರೆತುಹೋಗುತ್ತಿತ್ತು. ನಾನು ಒಂದು ಕೆಂಪು ರಿಬ್ಬನ್ನನ್ನು ಮಾತ್ರ ಎಂಟು ದಿನ ಹಲ್ಲು ಕಚ್ಚಿ ನೆನಪಿಟ್ಟುಕೊಂಡಿದ್ದೆ, ಅವ್ವ ಮಾತು ತಪ್ಪದೆ ಕೊಡಿಸಿದಳು. ಅಪ್ಪನಿಗೂ ಒಮ್ಮೆ ಈ ಕಾಯಿದೆ ಹಾಕಿ ನೋಡಿದಳು. ಅವನು ಎಂಟು ನಿಮಿಷವೂ ತಡೆಯಲಿಲ್ಲ.

ಇನ್ನೊಂದು ಕಾಯಿದೆ ಜೋಳದ್ದು. ಬೀಸಲು ಗಿರಣಿಗೆ ಜೋಳ ಅಳೆದಾಗಲೆಲ್ಲ ಅವ್ವ, ನಾನು, ಗುರಣ್ಣ ಒಂದೊಂದು ಮುಷ್ಟಿ ತೆಗೆದು ಅಡಿಗೆಮನೆಯ ಮೂಲೆಯಲ್ಲಿದ್ದ ದೊಡ್ಡ ಮಣ್ಣಿನ ಹರವಿಗೆ ಹಾಕಬೇಕು. ಹರವಿ ತುಂಬಿದಾಗ ಅವ್ವ ಅದರಲ್ಲಿ ಅರ್ಧ ಮಾರಿ, ಅರ್ಧ ಹಾಗೇ ಬಿಡುತ್ತಿದ್ದಳು. ಅಪ್ಪನಿಗೆ ಈ ಕೆಲಸದಿಂದ ಮಾಫಿ ಇತ್ತು. "ನಿಮ್ಮಪ್ಪನ ಮುಷ್ಟಿ ಮುಚ್ಚೂದೇ ಇಲ್ಲ, ಅದರಾಗ ಜ್ವಾಳ ಹ್ಯಾಂಗ ನಿಲ್ತಾವ?" ಎಂದು ಅವ್ವ ನಗುತ್ತಿದ್ದಳು. ಅಪ್ಪನೂ ನಗುತ್ತಿದ್ದ. ನಗುವುದರಲ್ಲೂ ಅವನು ಜಿಪುಣನಲ್ಲ.

ಮೂರನೆಯ ಕಾಯಿದೆ ಗುಟ್ಟಿನದು, ಅಪ್ಪನ ಕಿವಿಗೆ ಬೀಳಬಾರದು. ಸೋಮವಾರ, ಗುರುವಾರ ಅಪ್ಪನ ಅಂಗಿ ಒಗೆಯಲು ಬೀಳುತ್ತಿತ್ತು. ಒಗೆಯುವ ಮೊದಲು ಕಿಸೆ ತಡಕುವುದು ನನ್ನ ಕೆಲಸ. ಮರೆತ ಚಿಲ್ಲರೆ ಇದ್ದೇ ಇರುತ್ತಿತ್ತು. ಒಮ್ಮೆ ಒಂದು ರೂಪಾಯಿಯ ಜೊತೆ ಎಂಟಾಣೆ, ಒಮ್ಮೆ ಬರೀ ನಾಲ್ಕಾಣೆಗಳು, ಒಮ್ಮೆ ಬೀಡಿಯ ಪುಡಿ ಮೆತ್ತಿದ ಹತ್ತು ಪೈಸೆಗಳ ರಾಶಿ. ನಾನು ತಂದು ಅವ್ವನ ಅಂಗೈಗೆ ಹಾಕುತ್ತಿದ್ದೆ. ಅವ್ವ ಅದನ್ನು ಸೆರಗಿಗೆ ಕಟ್ಟಿಕೊಂಡು, "ಮರೆತವರದ್ದು ನೆನಪಿದ್ದವರಿಗೆ" ಎನ್ನುತ್ತಿದ್ದಳು. ಚಿಲ್ಲರೆ ಕೂಡಿದಾಗ ಪಕ್ಕದ ಮನೆಯ ಪ್ಯಾರಿಬಿ ನೋಟು ಕೊಡುತ್ತಿದ್ದಳು. ಅವಳದು ಬಳೆ ಮಾರುವ ದಂಧೆ, ಚಿಲ್ಲರೆ ಎಷ್ಟಿದ್ದರೂ ಬೇಕು. ಆ ನೋಟುಗಳನ್ನು ಅವ್ವ ಎಲ್ಲಿಡುತ್ತಾಳೆ ಎಂಬುದು ನನಗೂ ಗೊತ್ತಿರಲಿಲ್ಲ.

ಈ ಗುಟ್ಟು ಒಡೆಯುವ ಹೊತ್ತು ಒಂದೇ ಸಲ ಬಂದಿತ್ತು. ನಾನು ಶಾಲೆಗೆ ಹೋಗಿದ್ದ ಒಂದು ದಿನ ಗುರಣ್ಣ ಕಿಸೆ ತಡಕಿದ. ಸಿಕ್ಕ ಎಂಟಾಣೆಯನ್ನು ಕೈ ಖಾಲಿ ಇಲ್ಲವೆಂದು ಬಾಯಲ್ಲಿಟ್ಟುಕೊಂಡು ಓಡಿದ, ಅವ್ವನ ಹತ್ತಿರ ಬಂದು ಬಾಯಿ ತೆರೆದರೆ ಖಾಲಿ. ಅಪ್ಪ ಅಂಗಡಿ ಬಿಟ್ಟು ಓಡಿಬಂದ. ಎಂಟಾಣೆ ಎಂದರೆ ಯಾರ ಎಂಟಾಣೆ, ಎಲ್ಲಿಂದ ಬಂತು ಎಂಬ ಮಾತು ಬರುತ್ತದಲ್ಲ? ಅವ್ವ ಒಂದು ಕ್ಷಣವೂ ತಡಮಾಡದೆ, "ಗೋಲಿ ನುಂಗ್ಯಾನ್ರಿ" ಎಂದುಬಿಟ್ಟಳು. ಅಪ್ಪ ಎರಡು ಡಜನ್ ಬಾಳೆಹಣ್ಣು ತಂದು ತಿನ್ನಿಸಿದ. ಮೂರನೆಯ ದಿನ ಎಂಟಾಣೆ ಹೊರಗೆ ಬಂತು. ಅವ್ವ ಅದನ್ನು ಬೂದಿ ಹಚ್ಚಿ ತಿಕ್ಕಿ ತೊಳೆದು, ಹರಕೆ ಹೊತ್ತಿದ್ದ ಹನುಮಂತದೇವರ ಹುಂಡಿಗೆ ಹಾಕಿ ಕೈಮುಗಿದಳು. ಗೋಲಿ ಎಲ್ಲಿ ಎಂದು ಅಪ್ಪ ಕೇಳಿದ್ದಕ್ಕೆ ನಾವು ಮೂವರೂ ಬೇರೆ ಬೇರೆ ದಿಕ್ಕಿಗೆ ನೋಡಿದೆವು.

ಅವ್ವ ಇಷ್ಟೆಲ್ಲ ಮಾಡುತ್ತಿದ್ದದ್ದು ಒಂದು ಎಮ್ಮೆಗಾಗಿ. "ಬಂಗಾರ ಕೊಂಡ್ರ ಕಾಯ್ಕೋತ ಕೂಡಬೇಕು. ಎಮ್ಮಿ ಕೊಂಡ್ರ ಅದು ನಮ್ಮನ್ನ ಕಾಯ್ತದ" ಎನ್ನುತ್ತಿದ್ದಳು. ಹಾಲು ಮಾರಿದ ದುಡ್ಡಿನಲ್ಲಿ ನನ್ನನ್ನು ಮುಂದೆ ಕಲಬುರ್ಗಿಯಲ್ಲಿಟ್ಟು ಓದಿಸುವುದು ಅವಳ ಲೆಕ್ಕ. ಅಫಜಲಪುರದ ಬುರಾನುದ್ದೀನ ಸಾಹೇಬರ ಹತ್ತಿರ ಎರಡನೆಯ ಸೂಲಿನ ಎಮ್ಮೆಯೊಂದಿತ್ತು. ಅವ್ವ ಸಂಚಕಾರವೆಂದು ಐವತ್ತೊಂದು ರೂಪಾಯಿ ಮುಂಗಡ ಕೊಟ್ಟು ಮಾತು ಮುಗಿಸಿದ್ದಳು. ಗುರುವಾರ ಅವರು ಎಮ್ಮೆ ಹೊಡೆದುಕೊಂಡು ಬರುವುದು, ಅವ್ವ ಉಳಿದ ಹಣ ಕೊಡುವುದು. ಕೊಡದಿದ್ದರೆ ಸಂಚಕಾರವೂ ಹೋಯಿತು, ಎಮ್ಮೆಯೂ ಕಾದು ಕೂತಿದ್ದ ಸಿಂದಗಿಯ ಗಿರಾಕಿಗೆ ಹೋಯಿತು. ಹಣ ಎಲ್ಲಿಂದ ಎಂದು ಅಪ್ಪ ಕೇಳಿದಾಗ, ಕೌದಿ ಹೊಲಿದದ್ದು ಎಂದಳು. ಅವನು ಮತ್ತೆ ಕೇಳಲಿಲ್ಲ. ನಮ್ಮವ್ವ ಕೌದಿ ಹೊಲಿಯುತ್ತಿದ್ದಳು ನಿಜ, ಆದರೆ ಕೌದಿಯಿಂದಲೇ ಎಮ್ಮೆ ಬರಬೇಕಾದರೆ ಇಡೀ ಆಳಂದ ಚಳಿಯಲ್ಲಿ ನಡುಗಬೇಕಾಗಿತ್ತು.

ಆ ಗುರುವಾರದ ಹಿಂದಿನ ಭಾನುವಾರ ಅವ್ವ ಗುರಣ್ಣನನ್ನು ಕರೆದುಕೊಂಡು ಪ್ಯಾರಿಬಿಯ ಜೊತೆ ಜೇವರ್ಗಿಗೆ ಹೋಗಿದ್ದಳು. ಪ್ಯಾರಿಬಿಯ ಮಗಳಿಗೆ ಕೂಸು ಹುಟ್ಟಿತ್ತು. ಹೋಗುವಾಗ ದವಸದ ಕೋಣೆಗೆ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಗಿಸಿಕೊಂಡು, "ಆ ಹರವಿಗಿ ಯಾರೂ ಕೈ ಹಚ್ಚಬ್ಯಾಡ್ರಿ" ಎಂದು ನನಗೆ ಹೇಳಿಹೋದಳು.

ಮಧ್ಯಾಹ್ನ ಓಣಿಯಲ್ಲಿ ಒಂದು ಚಕ್ಕಡಿ ಬಂತು. ಘತ್ತರಗಿಯ ಭಾಗ್ಯವಂತಿ ದೇವಿಯ ಹುಣ್ಣಿಮೆಗೆ ನಡೆದು ಹೋಗುವ ಮಂದಿ, ದಾಸೋಹಕ್ಕೆ ಜೋಳ ಎತ್ತುತ್ತಿದ್ದರು. ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವ ಗಂಡಸೇ ನಮ್ಮಪ್ಪ? ಕೋಣೆಗೆ ಬೀಗ. ಅವನ ಕಣ್ಣು ಹರವಿಯ ಮೇಲೆ ಬಿತ್ತು.

"ಅಪ್ಪಾ, ಅದಕ್ಕ ಕೈ ಹಚ್ಚಬ್ಯಾಡಂತ ಅವ್ವ ಹೇಳ್ಯಾಳ" ಎಂದೆ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಅಪ್ಪ ಆಮೇಲೆ ಎಷ್ಟೋ ವರ್ಷ, ಶಾರದಾನೂ ಹೂಂ ಅಂದಿದ್ದಳು ಎಂದು ಸುಳ್ಳು ಹೇಳಿಕೊಂಡು ತಿರುಗಿದ.

"ಜ್ವಾಳ ಅಂದ್ರ ಜ್ವಾಳ ಬೇ. ನಾಳಿ ಅಂಗಡಿಯಿಂದ ಇಷ್ಟಕ್ಕಿಷ್ಟು ತಂದು ಸುರೀತೇನಿ. ನಿಮ್ಮವ್ವಗ ಒಂದು ಕಾಳ ಕಡಿಮಿ ಆಗಂಗಿಲ್ಲ" ಎಂದು ಹರವಿಯನ್ನೇ ಎತ್ತಿಕೊಂಡು ಹೋಗಿ ಚಕ್ಕಡಿಯಲ್ಲಿದ್ದ ದೊಡ್ಡ ಚೀಲಕ್ಕೆ ಬೋರಲು ಹಾಕಿದ. ಸುರಿಯುವ ಮೊದಲು ಹರವಿಯ ಕತ್ತಿನವರೆಗೆ ಎಷ್ಟು ಬೆರಳು ಎಂದು ಅಳೆದು ನೋಡಿಕೊಂಡಿದ್ದ. ಮುನೀಮನಲ್ಲವೇ? ಮರುದಿನ ಅಷ್ಟೇ ಬೆರಳಿನ ಮಟ್ಟಕ್ಕೆ ತುಂಬಿಯೂ ಇಟ್ಟ.

ಸೋಮವಾರ ರಾತ್ರಿ ಜೇವರ್ಗಿಯಿಂದ ಮರಳಿದ್ದ ಅವ್ವ ಮಂಗಳವಾರ ಬೆಳಿಗ್ಗೆ ಹರವಿಯ ಮುಂದೆ ಕೂತು ಜೋಳದೊಳಗೆ ಕೈ ಇಳಿಸಿದಳು. ಮೊಣಕೈವರೆಗೆ ಹೋಯಿತು. ತೋಳಿನವರೆಗೆ ಹೋಯಿತು. ಕೆನ್ನೆ ಹರವಿಯ ಬಾಯಿಗೆ ಒತ್ತಿತು. ಆಮೇಲೆ ಕೈ ಹೊರಗೆ ತೆಗೆದು ಒಂದು ಹಿಡಿ ಜೋಳವನ್ನು ಬೆಳಕಿಗೆ ಹಿಡಿದಳು. "ಇದು ನಮ್ಮ ಜ್ವಾಳ ಅಲ್ಲ" ಎಂದಳು. ದನಿ ಎಷ್ಟು ಸಣ್ಣದಾಗಿತ್ತೆಂದರೆ ನನಗೆ ಅಳು ಬಂತು.

ಅಪ್ಪ ಹೆಮ್ಮೆಯಿಂದ ಎಲ್ಲ ಹೇಳಿದ. ಕೇಳುತ್ತ ಕೇಳುತ್ತ ಅವ್ವ ಗೋಡೆಗೆ ಒರಗಿದಳು. ಹೇಳದೆ ಬೇರೆ ದಾರಿ ಇರಲಿಲ್ಲ.

"ಅದರ ತಳದಾಗ ನನ್ನ ಎಮ್ಮಿ ಇತ್ರಿ" ಎಂದಳು. "ಎರಡು ಗಂಟು. ಕೌದಿದು, ಜ್ವಾಳ ಮಾರಿದ್ದು ನನ್ನ ಹಳೀ ಸೀರಿ ತುಂಡಿನಾಗ. ಇನ್ನೊಂದು ನಿಮ್ಮ ಧೋತರದ ತುಂಡಿನಾಗ."

"ನನ್ನ ಧೋತರದಾಗ ಏನಿತ್ತು?"

ಅವ್ವ ನೆಲ ನೋಡುತ್ತ ಹೇಳಿದಳು, "ನಿಮ್ಮ ಕಿಸೇದಾಗ ಸಿಕ್ಕಿದ್ದು. ನಾಕು ವರ್ಷ ಆತು. ತಪ್ಪಾಗ್ಯದ."

ಈಗ ಸಿಡಿಯುತ್ತಾನೆ ಎಂದುಕೊಂಡು ನಾನು ಗುರಣ್ಣನ ಕೈ ಹಿಡಿದೆ. ಅಪ್ಪ ಸಿಡಿಯಲಿಲ್ಲ. "ಕಿಸೇದಾಗಿಂದಾ?" ಎಂದು ಮುಖ ಆಚೆ ತಿರುಗಿಸಿಕೊಂಡು, ಗೂಟಕ್ಕೆ ತೂಗುಹಾಕಿದ್ದ ತನ್ನ ಅಂಗಿಯನ್ನು ಬಹಳ ಹೊತ್ತು ನೋಡಿದ. ನೋವಾಗಿರಬೇಕು ಎಂದುಕೊಂಡೆ.

"ಘತ್ತರಗಿಗಿ ಹೋಗಿ ತರ್ತೇನಿ" ಎಂದ.

"ಬ್ಯಾಡ್ರಿ. ತಾಯಿಗಿ ಕೊಟ್ಟದ್ದು ಹೊಳ್ಳಿ ಕೇಳಬಾರದು. ಆಕಿಗಿ ಬೇಕಾಗಿತ್ತು, ತಗೊಂಡಾಳ." ಅವ್ವ ಕಣ್ಣೊರೆಸಿಕೊಂಡಳು. ಎಮ್ಮೆಗಾಗಿ ನಾಲ್ಕು ವರ್ಷ ಒಂದು ಹೊಸ ಸೀರೆ ಉಡದ ಹೆಂಗಸು ದೇವಿಯ ಎದುರು ಒಂದು ಮಾತಿನಲ್ಲಿ ಕೈಚೆಲ್ಲಿದ್ದಳು.

ಆಗ ನಮ್ಮಪ್ಪ ಮುನೀಮನಾದ. "ನೋಡು ಗೌರಾ. ನಾನು ಕೊಟ್ಟದ್ದು ಜ್ವಾಳ. ಜ್ವಾಳ ತಾಯಿದು, ಅದರಾಗ ಒಂದು ಕಾಳ ಕೇಳಂಗಿಲ್ಲ. ರೊಕ್ಕ ನಾನು ಕೊಟ್ಟೇ ಇಲ್ಲ, ನೀನೂ ಕೊಟ್ಟಿಲ್ಲ. ಒಬ್ಬರ ತೊಗರಿ ತಪ್ಪಿ ಇನ್ನೊಬ್ಬರ ರಾಶಿಗಿ ಬಿದ್ರ ಅದು ಅವರದ್ದಾಗ್ತದೇನು? ತಪ್ಪು ಜಮಾ ತಿದ್ದಬೇಕು. ತಾಯಿ ಹಂತೇಕ ತಪ್ಪು ಲೆಕ್ಕ ಇಟ್ಟು ಸುಮ್ಮನ ಕೂಡೂದು ಪಾಪ."

ಅವ್ವ ಒಪ್ಪಿದಳು. ಸೀರೆಯ ತುಂಡು ನೋಡಿ ಗಂಟು ಗುರುತು ಹಿಡಿಯಲು, ಜೊತೆಗೆ ಅಪ್ಪ ದಾರಿಯಲ್ಲಿ ಯಾರಿಗೂ ಏನೂ ಕೊಡದಂತೆ ಕಾಯಲು, ನನ್ನನ್ನು ಜೊತೆಗೆ ಕಳಿಸಿದಳು.

ಬುಧವಾರ ಮೊದಲ ಬಸ್ಸಿಗೆ ಹೊರಟೆವು. ಅಫಜಲಪುರದ ಬಸ್ ನಿಲ್ದಾಣದಲ್ಲಿ ಹುರಿದ ಶೇಂಗಾದವಳು ನಮ್ಮ ಕಿಟಕಿಯ ಹತ್ತಿರವೇ ಬಂದು ನಿಂತಳು. ಅಪ್ಪ ತಲೆ ತಗ್ಗಿಸಿ ಕೂತ. ಶೇಂಗಾ ಬೇಡವೆಂದ ನಮ್ಮಪ್ಪನನ್ನು ನಾನು ಹುಟ್ಟಿದ ಮೇಲೆ ಕಂಡಿರಲಿಲ್ಲ. ಹಣ ಹೋದದ್ದಕ್ಕಿಂತ ಅದು ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಘತ್ತರಗಿಯಲ್ಲಿ ಆ ಮಂದಿ ಭೀಮಾ ನದಿಯ ದಂಡೆಯ ಮೇಲೆ ಬೇವಿನ ಗಿಡಗಳ ಕೆಳಗೆ ಇಳಿದಿದ್ದರು. ಹೆಂಗಸರು ಮೊರಗಳಲ್ಲಿ ಜೋಳ ಕೇರಿ ಹಸನು ಮಾಡುತ್ತಿದ್ದರು. ಅವರ ಯಜಮಾನಿ ಸಾಬವ್ವ ಎಂಬ ಮುದುಕಿ, ನಡು ಬಾಗಿದ್ದರೂ ದನಿ ಬಾಗಿರಲಿಲ್ಲ. ಅಪ್ಪ ವಿಷಯ ಹೇಳುತ್ತಿದ್ದಂತೆ ಅವಳು ಕೈ ಎತ್ತಿದಳು.

"ಗಂಟು ಸಿಕ್ಕಾವಪ್ಪ. ತಾಯಿ ಪಾದಕ್ಕ ಮುಟ್ಟಿಸಿ ನನ್ನ ಹಂತೇಕೇ ಇಟಗೊಂಡೇನಿ. ಆದ್ರ ಹತ್ತಾರು ಊರಿನ ಜ್ವಾಳ ಕೂಡ್ಯಾವ. ಮುಂಜಾನಿಂದ ಇಬ್ಬರು ಬಂದು ನಂದು ಅಂದ್ರು. ಸೀರಿ ಅರಿವಿ, ಧೋತರದ ಅರಿವಿ ಅಂತನೂ ಹೇಳಿದ್ರು, ಯಾಕಂದ್ರ ನಮ್ಮ ಹೆಣಮಕ್ಕಳು ನೀರಿಗಿ ಹೋದಲ್ಲಿ ಬಾಯಿ ಬಿಟ್ಟಾರ. ಒಳಗ ಎಷ್ಟು ಅದ ಅಂದ್ರ ಮಾತ್ರ ಇಬ್ಬರೂ ಪಿಕಿಪಿಕಿ ನೋಡಿದ್ರು. ಬಿಚ್ಚಿ ಎಣಿಸಿದಾಕಿ ನಾ ಒಬ್ಬಾಕಿ. ಒಂದು ಗಂಟಿನ ಲೆಕ್ಕ ಹೇಳು, ಎರಡೂ ಒಯ್ಯಿ."

ಎಷ್ಟಿದೆ ಎಂದು ಅವ್ವನಿಗೇ ಗೊತ್ತಿರಲಿಲ್ಲ. ಎಣಿಸಿದರೆ ಖರ್ಚು ಮಾಡುವ ಮನಸ್ಸಾಗುತ್ತದೆ ಎಂದು ಅವಳು ಗಂಟು ಎಣಿಸುತ್ತಿರಲಿಲ್ಲ. ಮಂಗಳವಾರ ಎಣಿಸಲೆಂದೇ ಹರವಿಗೆ ಕೈ ಹಾಕಿದ್ದಳು. ಎಮ್ಮೆ ಸಿಂದಗಿಯ ಕಡೆ ನಡೆದುಹೋಗುವುದು ನನ್ನ ಕಣ್ಣಿಗೆ ಕಾಣತೊಡಗಿತು.

ಅಪ್ಪ ಗಂಟಲು ಸರಿಮಾಡಿಕೊಂಡ. ಅಂಗಡಿಯಲ್ಲಿ ಮಾಲಕ ಸೇಟಜಿಯ ಮುಂದೆ ಲೆಕ್ಕ ಒಪ್ಪಿಸುವಾಗಿನ ದನಿಯಲ್ಲಿ ಹೇಳಿದ:

"ಸೀರಿ ಗಂಟಿನದು ನನಗ ಗೊತ್ತಿಲ್ಲವ್ವಾ, ಅದು ಆಕಿ ದುಡದದ್ದು. ಧೋತರದ ಗಂಟಿಂದು ಹೇಳ್ತೇನಿ. ಆಕಿ ಅದನ್ನ ಮುರದು ಖರ್ಚ ಮಾಡಿಲ್ಲಂದ್ರ, ಅದರಾಗ ಆರ್ ನೂರಾ ನಲವತ್ತೊಂದು ರೂಪಾಯಿ ಇರಬೇಕು."

ನಾನು ಅಪ್ಪನ ಮುಖ ನೋಡಿದೆ. ಅವನು ನನ್ನ ಕಡೆ ನೋಡಲಿಲ್ಲ.

ಸಾಬವ್ವ ಸೊಂಟದ ಚೀಲದಿಂದ ಗಂಟು ತೆಗೆದು ಬಿಚ್ಚಿ ಮತ್ತೊಮ್ಮೆ ಎಣಿಸಿದಳು. ಸುತ್ತಲಿನ ಹೆಂಗಸರ ಮೊರಗಳು ನಿಂತವು. "ಆರ್ ನೂರಾ ನಲವತ್ತೂವರಿ" ಎಂದಳು. "ಎಂಟಾಣೆ ಕಡಿಮಿ ಅದಲ್ಲಪ್ಪ."

ಅಪ್ಪನ ಹುಬ್ಬು ಗಂಟಾಯಿತು. ಗಂಟು ಸಿಕ್ಕೀತೋ ಇಲ್ಲವೋ ಎಂಬ ಚಿಂತೆ ಆ ಮುಖದಿಂದ ಹೋಗಿಬಿಟ್ಟಿತು, ಉಳಿದದ್ದು ಎಂಟಾಣೆಯ ಚಿಂತೆ. "ಆಗಂಗಿಲ್ಲ. ನನ್ನ ಲೆಕ್ಕ ತಪ್ಪಂಗಿಲ್ಲ" ಎಂದು ಬೆರಳು ಮಡಚಲು ಶುರುಮಾಡಿದ.

"ಅಪ್ಪಾ," ಎಂದೆ. "ಗುರ್ಯಾ ನುಂಗಿದ್ದು ಗೋಲಿ ಅಲ್ಲ."

ಒಂದು ಕ್ಷಣ ಅವನಿಗೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು. "ನನ್ನ ಎಂಟಾಣೆ!" ಎಂದು ಅಲ್ಲೇ ಮರಳಿನ ಮೇಲೆ ಕೂತು ನಗತೊಡಗಿದ. ನಾನು ಸಾಬವ್ವನಿಗೆ ಗೋಲಿಯ ಕಥೆ, ಬಾಳೆಹಣ್ಣಿನ ಕಥೆ, ಹುಂಡಿಯ ಕಥೆ ಎಲ್ಲ ಹೇಳಿದೆ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಸಾಬವ್ವ ಕಣ್ಣೀರು ಬರುವಷ್ಟು ನಕ್ಕು, "ಇಂಥಾ ಲೆಕ್ಕ ಸುಳ್ಳು ಹುಟ್ಟಂಗಿಲ್ಲ, ಒಯ್ಯಿ ಯಪ್ಪಾ" ಎಂದು ಎರಡೂ ಗಂಟು ನನ್ನ ಉಡಿಗೆ ಹಾಕಿದಳು. ಊಟ ಮಾಡಿಸದೆ ಬಿಡಲಿಲ್ಲ. ನಮ್ಮ ಹರವಿಯ ಜೋಳದ ರೊಟ್ಟಿಯೂ ಅದರಲ್ಲಿದ್ದಿರಬೇಕು.

ಹಿಂದಿರುಗುವ ಬಸ್ಸಿನಲ್ಲಿ ನಾನು ಗಂಟುಗಳ ಮೇಲೆ ಎರಡೂ ಕೈಯಿಟ್ಟುಕೊಂಡು ಕೂತು ಕೇಳಿದೆ, "ಅಪ್ಪಾ, ನಿನಗ ಗೊತ್ತಿತ್ತು?"

"ಊರ ಮಂದಿ ಲೆಕ್ಕ ಬರಿಯಾಂವಗ ತನ್ನ ಕಿಸೇದ ಲೆಕ್ಕ ಗೊತ್ತಿರಂಗಿಲ್ಲೇನು ಬೇ? ವಾರಕ್ಕ ಎರಡು ಸರ್ತಿ, ಸರ್ತಿಗಿ ಒಂದೂವರಿ ರೂಪಾಯಿ. ದೀಪಾವಳಿಗಿ ಇಷ್ಟು ಹೆಚ್ಚಿಗಿ. ದಿನಾ ಒಂದೇ ನಮೂನಿ ಇಟ್ರ ಆಕಿಗಿ ಗೊತ್ತಾಗ್ತದಂತ ಒಮ್ಮಿ ನಾಕಾಣೆ, ಒಮ್ಮಿ ಹತ್ತು ಪೈಸೆ ಮಾಡಿ ಇಡ್ತಿದ್ದೆ."

"ಕೈಯಾಗೇ ಕೊಡಬೇಕಿಲ್ಲ?"

ಅಪ್ಪ ಕಿಟಕಿಯ ಆಚೆ ನೋಡುತ್ತ ಹೇಳಿದ, "ಮೊದಲ ಹಂಗೇ ಕೊಡ್ತಿದ್ದೆ ತಾಯಿ. ಒಂದನೇ ತಾರೀಖಿಗಿ ಕೊಡಾವ, ಹತ್ತನೇ ತಾರೀಖಿಗಿ ಯಾರಿಗೋ ಏನೋ ಬೇಕಂತ ಹೊಳ್ಳಿ ಕೇಳಾವ. ಆಕಿ ಒಂದು ಮಾತನ್ನದ ತೆಗೆದು ಕೊಡ್ತಿದ್ಲು. ನನ್ನ ಕೈ ನನ್ನ ಮಾತು ಕೇಳಂಗಿಲ್ಲ, ನನಗ ಗೊತ್ತದ. ಕೊಟ್ಟದ್ದಾದ್ರ ಹೊಳ್ಳಿ ಕೇಳಬಹುದು. ಆಕಿ ಕದ್ದದ್ದನ್ನ ನಾ ಯಾವ ಬಾಯಿಲೆ ಕೇಳ್ಲಿ? ಅದಕ್ಕ ಕದಿಯಾಕ ಬಿಟ್ಟೆ." ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮವ್ವಗ ಹೇಳಬ್ಯಾಡ. ತಿಳದ್ರ ಅದು ಮತ್ತ ಕೊಟ್ಟದ್ದಾಗ್ತದ, ಆಕಿ ಆಸರಿ ಹೋಗ್ತದ" ಎಂದ.

ನನ್ನಪ್ಪನ ಮೇಲೆ ನನಗೆ ಅಷ್ಟು ಪ್ರೀತಿ ಉಕ್ಕಿದ್ದು ಆ ಬಸ್ಸಿನಲ್ಲೇ. ಅಫಜಲಪುರದಲ್ಲಿ ಅದೇ ಶೇಂಗಾದವಳು ಬಂದಳು. ಅಪ್ಪ ನನ್ನ ಮುಖ ನೋಡಿದ. ಎಂಟು ದಿನ ತಡಿ ಎಂದು ನಾನು ಹೇಳಬೇಕಾಗಿತ್ತು. ಹೇಳಲಿಲ್ಲ. ಅವನು ನಮಗಿಬ್ಬರಿಗೆ ಕೊಂಡ, ಹಿಂದಿನ ಸೀಟಿನ ಮುದುಕನಿಗೂ ಕೊಂಡ.

ಮನೆಯಲ್ಲಿ ಅವ್ವ ಗಂಟುಗಳನ್ನು ಎದೆಗೆ ಒತ್ತಿಕೊಂಡಳು. "ನಿಮ್ಮದಂತ ಅವರು ಹ್ಯಾಂಗ ನಂಬಿದ್ರು?" ಎಂದು ಕೇಳಿದಳು. ನಾನು ಎಂಟಾಣೆ ನುಂಗಿದ ಕಥೆ ಹೇಳಿದ್ದಕ್ಕೆ ನಂಬಿದರು ಎಂದೆ. ಪೂರ್ತಿ ಸುಳ್ಳಲ್ಲವಲ್ಲ. ಗುರಣ್ಣ ಆವತ್ತಿನಿಂದ, ಎಮ್ಮೆ ತಂದವನು ತಾನೇ ಎಂದು ಓಣಿಯಲ್ಲೆಲ್ಲ ಎದೆಯುಬ್ಬಿಸಿಕೊಂಡು ತಿರುಗಿದ.

ಗುರುವಾರ ಬುರಾನುದ್ದೀನ ಸಾಹೇಬರು ಎಮ್ಮೆ ತಂದರು. ಅವ್ವ ಎಲ್ಲರೆದುರು ನೋಟು ಎಣಿಸಿ ಕೊಟ್ಟಳು, ಅರಿಶಿನ ಕುಂಕುಮ ಹಚ್ಚಿ ಎಮ್ಮೆಯನ್ನು ಒಳಗೆ ಕರೆದುಕೊಂಡಳು. ಪ್ಯಾರಿಬಿ ಅದರ ಕೊಂಬಿಗೆ ಹಸಿರು ಬಳೆಯ ಸರ ಕಟ್ಟಿದಳು. ಆ ಗದ್ದಲ ಮುಗಿದ ಮೇಲೆ ಅವ್ವ ಬಟ್ಟೆ ಒಗೆಯಲು ಕೂತಳು, ಗುರುವಾರವಲ್ಲವೇ? ಅಪ್ಪನ ಅಂಗಿಯನ್ನು ನನ್ನ ಕಡೆ ಎಸೆದಳು. ಅವ್ವ ಅಪ್ಪನೆದುರು ಎಲ್ಲ ಒಪ್ಪಿಕೊಂಡಾಯಿತಲ್ಲ, ಇನ್ನೇನಿರುತ್ತದೆ ಎಂದುಕೊಂಡೇ ಕೈ ಹಾಕಿದೆ. ಚಿಲ್ಲರೆ ಇತ್ತು. ತಂದು ಅವಳ ಒದ್ದೆ ಅಂಗೈಗೆ ಹಾಕಿದೆ.

ಅವ್ವ ಬೆರಳಿನಿಂದ ನಾಣ್ಯಗಳನ್ನು ಸರಿಸಿ ನೋಡಿದಳು.

"ಇವತ್ತು ಎಂಟಾಣೆ ಜಾಸ್ತಿ ಅದ" ಎಂದಳು.

ಜಾಸ್ತಿ ಎನ್ನಬೇಕಾದರೆ ದಿನಾ ಎಷ್ಟಿರುತ್ತದೆ ಎಂದು ಗೊತ್ತಿರಬೇಕಲ್ಲ? "ಅವ್ವಾ, ನಿನಗೂ..." ಎಂದೆ. ಅಂಗಳದ ಆ ಕಡೆ ಅಪ್ಪ ನಮಗೆ ಬೆನ್ನು ಹಾಕಿ, ಎಮ್ಮೆಯ ಹಲ್ಲನ್ನು ಬಹಳ ಮುತುವರ್ಜಿಯಿಂದ ಪರೀಕ್ಷೆ ಮಾಡುತ್ತಿದ್ದ. ಅವ್ವ ಆ ಬೆನ್ನನ್ನು ಒಮ್ಮೆ ನೋಡಿದಳು, ನಾಣ್ಯಗಳನ್ನು ಸೆರಗಿಗೆ ಗಟ್ಟಿಯಾಗಿ ಗಂಟು ಹಾಕಿದಳು, ತುಟಿಯ ಮೇಲೆ ಬೆರಳಿಟ್ಟು ನನಗೆ ಹೇಳಿದಳು:

"ಸುಮ್ಮಿರು. ಅವರ ಆಸರಿ ಹೋಗ್ತದ."